ಮುಚ್ಚಳದ ಒಳಮೈ

ಬಂಬೂ ಬಜಾರಿನ ಹಿಂದಿನ ಗಲ್ಲಿಯಲ್ಲಿ
ನಮ್ಮದು ಪೆಟ್ಟಿಗೆ ಅಂಗಡಿ.
ಯಾವ ಪೆಟ್ಟಿಗೆ ಅಂತ ಯಾರೂ ಕೇಳುವುದಿಲ್ಲ,
ಉದ್ದ ನೋಡಿದರೆ ತಿಳಿಯುತ್ತದೆ.
ಬೋರ್ಡಿನ ಮೇಲೆ ಅಪ್ಪನ ಹೆಸರು, ಎ. ಇನ್ನಾಸಪ್ಪ,
ಅದರ ಕೆಳಗೆ ಬಣ್ಣ ಹೋದ ಒಂದು ಪಾರಿವಾಳ.

ಹಲಗೆಯ ಹೊರಮೈಗೆ ಒಂದು ಸಲ ಹತ್ತರಿ ಹೊಡೆದರೆ
ಮುಚ್ಚಳದ ಒಳಮೈಗೆ ಮೂರು ಸಲ.
ಆಮೇಲೆ ಉಪ್ಪುಕಾಗದ. ಆಮೇಲೆ ಬರೀ ಅಂಗೈ.
ಚಿಕ್ಕವಳಿದ್ದಾಗ ಕೇಳಿದ್ದೆ,
ಮಣ್ಣೊಳಗೆ ಅದನ್ಯಾರು ನೋಡ್ತಾರಪ್ಪ?
ಬಾಯಲ್ಲಿ ಕಚ್ಚಿದ್ದ ಮೊಳೆ ತೆಗೆದು ಹೇಳಿದ:
‘ಕಹಳೆ ಊದಿದ ದಿನ ಒಳಗಿಂದ ತಳ್ಳಬೇಕಲ್ಲ ಮಗಾ,
ಪಾಪ, ಕೈಗೆ ಸಿಬಿರು ಚುಚ್ಚಬಾರದು.’

ತಮಾಷೆ ಅಂದುಕೊಂಡೆ. ಅವನು ನಗಲಿಲ್ಲ.

ಆ ಏಪ್ರಿಲ್ಲಿನಲ್ಲಿ
ಅಳತೆ ಕೊಡುವುದನ್ನೇ ಬಿಟ್ಟರು ಜನ.
‘ದೊಡ್ಡದು ನಾಲ್ಕು’ ಅನ್ನುವರು ಫೋನಿನಲ್ಲಿ,
ಈರುಳ್ಳಿ ಹೇಳಿದ ಹಾಗೆ.
ಕಲ್ಪಳ್ಳಿಯ ಗೇಟಿನಲ್ಲಿ ಆಂಬುಲೆನ್ಸುಗಳ ಸಾಲು,
ಸೈರನ್ನೂ ಇಲ್ಲ. ಇನ್ನು ಯಾರಿಗೆ ಅವಸರ?
ಚರ್ಚಿಗೆ ಬೀಗ.
ಪಾಸ್ಕ ಹಬ್ಬ ಮುಗಿದು ಮೂರು ವಾರವಾದರೂ
ನಮ್ಮ ಗಲ್ಲಿಯಲ್ಲಿ ಇನ್ನೂ ಶನಿವಾರವೇ.
ಶಿಲುಬೆಯಿಂದ ಇಳಿಸಿಯಾಗಿದೆ, ಕಲ್ಲು ಉರುಳಿಸಿ ಮುಚ್ಚಿಯಾಗಿದೆ,
ಏನೂ ಆಗದ, ಒಲೆ ಹಚ್ಚಲೂ ಬೇಡವೆನಿಸುವ
ಆ ನಡುವಿನ ದಿನ.
ಆಗಲೂ ಅಪ್ಪ ಒಳಮೈ ಉಜ್ಜುತ್ತಿದ್ದ.
‘ಟೈಮಿಲ್ಲಪ್ಪಾ’ ಅಂತ ಕಿರುಚಿದೆ.
‘ಅವರಿಗಿದೆ’ ಅಂದ.

ಒಂದು ಬೆಳಿಗ್ಗೆ ಅವನಿಗೆ ಮರದ ವಾಸನೆ ಸಿಗಲಿಲ್ಲ.
ಸಿಲ್ವರ್ ಓಕಿನ ತುಂಡು ಮೂಗಿಗೆ ಹಿಡಿದು
ಮಗುವಿನ ಹಾಗೆ ನನ್ನ ಮುಖ ನೋಡಿದ.
ಬೌರಿಂಗಿನ ಅಂಗಳದಲ್ಲಿ, ಆಟೋದೊಳಗೇ ಏಳು ಗಂಟೆ.
ಹಾಸಿಗೆ ಸಿಕ್ಕಿತು ಅಂದರು. ಯಾರು ಹೋಗಿದ್ದಕ್ಕೆ ಸಿಕ್ಕಿತು
ಅಂತ ನಾನು ಕೇಳಲಿಲ್ಲ.

ಹನ್ನೊಂದು ದಿನ ಹತ್ತರಿ ನನ್ನ ಕೈಯಲ್ಲಿ.
ಪ್ರಾರ್ಥನೆ ಬರಲಿಲ್ಲ. ಜಪಸರ ಹಿಡಿದರೆ
ಮೊಳೆ ಎಣಿಸಿದ ಹಾಗಾಗುತ್ತಿತ್ತು.
ದೇವರೇ ಅನ್ನುವುದಕ್ಕೂ ಹೆದರಿಕೆ,
ಕೇಳಿಸಿಕೊಂಡೂ ಸುಮ್ಮನಿದ್ದುಬಿಟ್ಟರೆ?
ಏಳನೆಯ ದಿನ ಬಂದ ಆರ್ಡರು: ಐದೂಮುಕ್ಕಾಲು ಅಡಿ, ಭುಜ ಅಗಲ.
ಅಪ್ಪನದೇ ಅಳತೆ.
ಫ್ರೇಜರ್ ಟೌನಿನ ಯಾರೋ ಮೇಷ್ಟ್ರು.
ಆ ಮುಚ್ಚಳವನ್ನು ರಾತ್ರಿ ಹನ್ನೆರಡರವರೆಗೆ ಉಜ್ಜಿದೆ.
ಕಣ್ಣು ಮುಚ್ಚಿ ಸವರಿ ನೋಡಿದೆ,
ಒಳಗೆ ಮಲಗಿದವರು ಸವರುವ ಹಾಗೆ.
ಎಲ್ಲೋ ಒಂದು ಸಿಬಿರು. ಮತ್ತೆ ಉಜ್ಜಿದೆ.
ಅದನ್ನು ಪ್ರಾರ್ಥನೆ ಅನ್ನಬಹುದೋ ಏನೋ, ಗೊತ್ತಿಲ್ಲ;
ನನಗೆ ಬರುತ್ತಿದ್ದದ್ದು ಅದೊಂದೇ.

ಹನ್ನೆರಡನೆಯ ಬೆಳಗು, ಇನ್ನೂ ಕತ್ತಲೆ, ಫೋನು.
ಎತ್ತಲು ಕೈ ಬರಲಿಲ್ಲ. ಬಡಕೊಂಡು ಬಡಕೊಂಡು ನಿಂತು
ಮತ್ತೆ ಶುರುವಾಯಿತು.
ವಾರ್ಡಿನ ಸಿಸ್ಟರು: ‘ನಿಮ್ಮಪ್ಪ ಗಲಾಟೆ ಮಾಡ್ತಿದಾರೆ ಕಣ್ರೀ.
ಗಂಜಿ ಬೇಡ್ವಂತೆ. ಮೀನು ಕೇಳ್ತಾರೆ.’

ಮೀನು.
ಗೋರಿಯಿಂದ ಎದ್ದುಬಂದವನೂ
ಬಾಗಿಲು ಜಡಿದುಕೊಂಡು ನಡುಗುತ್ತಿದ್ದವರ ನಡುವೆ ನಿಂತು
ತಿನ್ನೋಕೆ ಏನಾದ್ರೂ ಇದೆಯಾ ಅಂದನಂತೆ.
ಆ ಕತೆ ಹೇಳುವಾಗಲೆಲ್ಲ ಅಪ್ಪ ಅಲ್ಲಿ ನಿಲ್ಲಿಸಿ,
‘ನೋಡು, ಹಸಿವಾಗಿತ್ತು!’ ಅಂತ ತೊಡೆ ತಟ್ಟುತ್ತಿದ್ದ.

ಪಕ್ಕದ ಹಾಸಿಗೆಯ ಹುಡುಗ ಅದೇ ರಾತ್ರಿ ಹೋದನೆಂದು
ಆಮೇಲೆ ತಿಳಿಯಿತು. ಅವನ ಪೆಟ್ಟಿಗೆಯೂ ನಮ್ಮಲ್ಲೇ.
ಲೆಕ್ಕ ನನಗೆ ಸರಿಹೋಗುವುದಿಲ್ಲ, ಇವತ್ತಿಗೂ.

ಆ ಬೆಳಿಗ್ಗೆ ಗ್ಯಾಸು ಮುಗಿದಿತ್ತು. ರಸೆಲ್ ಮಾರ್ಕೆಟ್ಟು ಬಂದ್.
ಮೇಲಿನ ಮನೆ ಲೂರ್ದಮ್ಮ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ
ಎರಡು ಒಣಮೀನು.
ಅಂಗಡಿಯ ಮುಂದೆ ಮೂರು ಇಟ್ಟಿಗೆ ಹೂಡಿದೆ,
ಹನ್ನೊಂದು ದಿನದ ಹತ್ತರಿ ಸಿಪ್ಪೆಯನ್ನೆಲ್ಲ ಬಾಚಿ ತಂದೆ,
ಸುರುಳಿ ಸುರುಳಿ, ಹಗುರ, ಮೇಷ್ಟ್ರದ್ದೂ ಇತ್ತು ಅದರಲ್ಲಿ.
ಒಂದೇ ಕಡ್ಡಿಗೆ ಹೊತ್ತಿಕೊಂಡಿತು.